ಬಡಾವಣೆಯ ಮಕ್ಕಳ ಕ್ಲಿನಿಕ್ಕಿನಲ್ಲಿ ವೈದ್ಯಕೀಯ ಅಧ್ಯಯನ ನಡೆಸುವ ಬಗೆ

ಕಿವಿನೋವು, ಸಾಧಾರಣ ಉಬ್ಬಸ, ಲಸಿಕೆ, ಬೆಳವಣಿಗೆಯ ತಪಾಸಣೆ ಇವೆಲ್ಲ ಹೆಚ್ಚಾಗಿ ನಡೆಯುವುದು ಸಣ್ಣ ಕ್ಲಿನಿಕ್ಕುಗಳಲ್ಲಿ. ದೊಡ್ಡಾಸ್ಪತ್ರೆಗೆ ದಾಖಲಾದ ಮಕ್ಕಳನ್ನಷ್ಟೇ ನೋಡಿ ಇವುಗಳ ಬಗ್ಗೆ ತೀರ್ಮಾನಕ್ಕೆ ಬಂದರೆ ದಾರಿ ತಪ್ಪುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಇಂಥ ಕ್ಲಿನಿಕ್ಕುಗಳನ್ನು ಜೋಡಿಸಿ 1986ರಲ್ಲೇ ಒಂದು ಸಂಶೋಧನಾ ಜಾಲ ಕಟ್ಟಿತ್ತು.

ಅಧ್ಯಯನದ ಯೋಜನೆ ಬರೆಯುವ ಮೊದಲು ಕ್ಲಿನಿಕ್ಕಿನಲ್ಲಿ ಎರಡು ಮೂರು ದಿನ ಕುಳಿತು ಮಗು ಸಾಗುವ ದಾರಿ ಗಮನಿಸಿ: ನೋಂದಣಿ, ತೂಕ, ಕಾಯುವುದು, ವೈದ್ಯರ ಕೋಣೆ, ಚುಚ್ಚುಮದ್ದು. ಪ್ರತಿ ಹಂತಕ್ಕೆ ಎಷ್ಟು ನಿಮಿಷ ಹಿಡಿಯುತ್ತದೆಂದು ಬರೆದುಕೊಳ್ಳಿ. ಬಿಡುವು ಸಿಗುವುದು ವೈದ್ಯರಿಗಾಗಿ ಕಾಯುವಾಗ ಮತ್ತು ಲಸಿಕೆಯ ನಂತರ ನಿಗಾಕ್ಕೆಂದು ಕೂರಿಸಿದಾಗ. ನಿಮ್ಮ ಪ್ರಶ್ನಾವಳಿ ಅಲ್ಲೇ ಮುಗಿಯಬೇಕು. ವೈದ್ಯರ ಪಾಲಿಗೆ ಒಂದು ನಿಮಿಷಕ್ಕಿಂತ ಹೆಚ್ಚಿನ ಕೆಲಸ ಹೊರಿಸಿದರೆ, ಜನ ತುಂಬಿದ ದಿನ ಮೊದಲು ಕೈಬಿಟ್ಟುಹೋಗುವುದು ನಿಮ್ಮ ಅಧ್ಯಯನವೇ. ಹಾಗೆ ಬಿಟ್ಟುಹೋಗುವ ಮಕ್ಕಳು ಉಳಿದವರಂತೆಯೇ ಇರುತ್ತಾರೆ ಎನ್ನಲಾಗದು. ಜ್ವರದ ಹಾವಳಿಯಿರುವಾಗಲೇ ಕ್ಲಿನಿಕ್ ತುಂಬುವುದಲ್ಲವೆ?

ಅಧ್ಯಯನಕ್ಕೆ ಸೇರುವವರ ಹಿತ ಕಾಯುವ ನೈತಿಕ ಸಮಿತಿಯ ಅನುಮೋದನೆ ಬರುವವರೆಗೆ ಒಂದು ಮಗುವನ್ನೂ ಸೇರಿಸಕೂಡದು. ಚಿಕಿತ್ಸೆಗಳನ್ನು ಹೋಲಿಸುವ ಪ್ರಯೋಗವಾದರೆ ಮೊದಲ ಮಗು ಸೇರುವ ಮುನ್ನವೇ ಎಲ್ಲರೂ ನೋಡಬಹುದಾದ ಪ್ರಯೋಗಗಳ ಪಟ್ಟಿಯಲ್ಲಿ ಅದರ ನೋಂದಣಿಯೂ ಆಗಿರಬೇಕು.

ಒಪ್ಪಿಗೆ ಕೇಳುವ ಕೆಲಸ ಚಿಕಿತ್ಸೆ ಕೊಡುವ ವೈದ್ಯರದ್ದಾಗದಿದ್ದರೆ ಒಳ್ಳೆಯದು. ‘ಡಾಕ್ಟ್ರು ಕೇಳ್ತಿದ್ದಾರೆ, ಬೇಡ ಅಂದ್ರೆ ಏನಂದ್ಕೋತಾರೋ’ ಎಂಬ ಅಳುಕಿನಿಂದ ಹಾಕಿದ ಸಹಿ ಒಪ್ಪಿಗೆಯಲ್ಲ. ತರಬೇತಾದ ಸಹಾಯಕರು ಕೇಳಲಿ, ಮೊದಲಿಗೇ ಹೀಗೆನ್ನಲಿ: ‘ನೀವು ಬೇಡ ಅಂದರೂ ಮಗುವಿನ ಚಿಕಿತ್ಸೆಯಲ್ಲಿ ಏನೂ ವ್ಯತ್ಯಾಸ ಆಗೋದಿಲ್ಲ.’ ಮಗುವನ್ನು ಕರೆತಂದವರು ಅಜ್ಜಿಯೋ ಚಿಕ್ಕಪ್ಪನೋ ಆಗಿದ್ದರೆ ಅವರ ಸಹಿ ಕಾನೂನಿಗೆ ಸಾಲುತ್ತದೆಯೇ ಎಂದು ಮೊದಲೇ ತಿಳಿದುಕೊಳ್ಳಿ. ಸುಮಾರು 7 ವರ್ಷ ದಾಟಿದ ಮಗುವಿಗೆ ಅದಕ್ಕೆ ತಿಳಿಯುವ ಮಾತಿನಲ್ಲಿ ಹೇಳಿ, ಅದರ ಸಮ್ಮತಿಯನ್ನೂ ಪಡೆಯಬೇಕು. ಅಳುವ ಮಗುವನ್ನು ಎತ್ತಿಕೊಂಡ ತಾಯಿ ಹತ್ತು ಪುಟ ಓದಲಾರಳು. ಒಂದು ಪುಟದ ಸಾರಾಂಶ ಜೊತೆಗಿರಲಿ. ಲಸಿಕೆಗೆ ಬರುವವರಿಗಾದರೆ ಮಾಹಿತಿಯನ್ನು ಮೊದಲೇ ಮನೆಗೆ ಕಳಿಸಬಹುದು.

ಸಲಹೆ ಕೊಡುವ ವಿಧಾನವನ್ನೇ ಪರೀಕ್ಷಿಸುವುದಾದರೆ ಒಬ್ಬರೇ ವೈದ್ಯರು ಒಂದು ಮಗುವಿಗೆ ಹಳೆಯದು, ಇನ್ನೊಂದಕ್ಕೆ ಹೊಸದು ಎಂದು ಬೇರ್ಪಡಿಸಲಾರರು; ಎರಡೂ ಬೆರೆತುಹೋಗುತ್ತವೆ. ಆಗ ಯಾರಿಗೆ ಹಳೆಯದು, ಯಾರಿಗೆ ಹೊಸದು ಎಂದು ಚೀಟಿ ಎತ್ತಬೇಕಾದ್ದು ಮಕ್ಕಳಿಗಲ್ಲ, ಕ್ಲಿನಿಕ್ಕುಗಳಿಗೆ. ಆದರೆ ಒಂದೇ ಕ್ಲಿನಿಕ್ಕಿನ ಮಕ್ಕಳಲ್ಲಿ ಹೋಲಿಕೆ ಇರುವುದರಿಂದ ಸಂಖ್ಯೆ ಹೆಚ್ಚಬೇಕು. ಎಷ್ಟು ಪಟ್ಟು ಹೆಚ್ಚಬೇಕೆಂದು ತಿಳಿಯಲು, ಕ್ಲಿನಿಕ್ಕಿನ ಮಕ್ಕಳ ಸಂಖ್ಯೆಯಲ್ಲಿ ಒಂದು ಕಳೆದು, ಒಳಹೋಲಿಕೆಯ ಗುಣಾಂಕದಿಂದ (ಒಂದೇ ಕ್ಲಿನಿಕ್ಕಿನ ಮಕ್ಕಳು ಪರಸ್ಪರ ಎಷ್ಟು ಹೋಲುತ್ತಾರೆಂದು ಹೇಳುವ ಸಂಖ್ಯೆ) ಗುಣಿಸಿ, ಒಂದು ಕೂಡಿಸಿ. ಕ್ಲಿನಿಕ್ಕಿಗೆ 20 ಮಕ್ಕಳು, ಗುಣಾಂಕ 0.05 ಆದರೆ 1 + 19 × 0.05 = 1.95. ಅಂದರೆ 200 ಮಕ್ಕಳು ಸಾಕು ಎಂದಿದ್ದಲ್ಲಿ 390 ಬೇಕು. ಹತ್ತು ಕ್ಲಿನಿಕ್ಕುಗಳಿಂದ ತಲಾ ನಲವತ್ತು ಮಕ್ಕಳಿಗಿಂತ ಇಪ್ಪತ್ತು ಕ್ಲಿನಿಕ್ಕುಗಳಿಂದ ತಲಾ ಇಪ್ಪತ್ತು ಮೇಲು.

ಅಳತೆಯಲ್ಲಿ ಆಗುವ ತಪ್ಪು ಕಣ್ಣಿಗೆ ಬೀಳುವುದಿಲ್ಲ, ಅದಕ್ಕೇ ಅಪಾಯ. 2 ವರ್ಷದೊಳಗಿನ ಮಗುವನ್ನು ಹಲಗೆಯ ಮೇಲೆ ಮಲಗಿಸಿ ಉದ್ದ ಅಳೆಯಬೇಕು, ನಂತರದವರನ್ನು ನಿಲ್ಲಿಸಿ. ಮಲಗಿಸಿದ ಅಳತೆ ಸುಮಾರು 0.7 ಸೆಂ.ಮೀ. ಹೆಚ್ಚು ಬರುತ್ತದೆ, ಎರಡನ್ನೂ ಬೆರೆಸಿದರೆ ಬೆಳವಣಿಗೆಯ ಲೆಕ್ಕ ಕೆಡುತ್ತದೆ. ಮಲಗಿಸಿ ಅಳೆಯಲು ಇಬ್ಬರು ಬೇಕು. ಒಬ್ಬರು ನೆತ್ತಿಯನ್ನು ತಲೆಹಲಗೆಗೆ ತಾಗಿಸಿ ಹಿಡಿದರೆ, ಇನ್ನೊಬ್ಬರು ಮೊಣಕಾಲನ್ನು ಮೆಲ್ಲಗೆ ನೇರಮಾಡಿ ಎರಡೂ ಪಾದಗಳಿಗೆ ಕಾಲುಹಲಗೆ ಸರಿಸಿ 0.1 ಸೆಂ.ಮೀ.ವರೆಗೆ ಓದಬೇಕು. ತಲೆಯ ಕ್ಲಿಪ್ಪು, ಬೂಟು, ಡೈಪರ್ ತೆಗೆದಿರಬೇಕು. ತೂಕದ ಯಂತ್ರವನ್ನು ದಿನವೂ ತಿಳಿದ ತೂಕದ ಕಲ್ಲಿಟ್ಟು ಪರೀಕ್ಷಿಸಿ. ವಯಸ್ಸನ್ನು ಕೇಳಿ ಬರೆಯಬೇಡಿ, ಹುಟ್ಟಿದ ದಿನಾಂಕ ಬರೆದು ಲೆಕ್ಕ ಹಾಕಿ.

ಅರ್ಹ ಮಗು ಬಂದಾಗಲೆಲ್ಲ ಪುಸ್ತಕದಲ್ಲಿ ಒಂದು ಸಾಲು ಇರಲಿ: ಸೇರಿತೇ, ಪೋಷಕರು ಬೇಡವೆಂದರೇ, ಕೇಳುವುದೇ ತಪ್ಪಿತೇ. ಹೆಸರು ಒಂದು ಕಡೆ, ಸಂಕೇತ ಸಂಖ್ಯೆಯೊಡನೆ ಮಾಹಿತಿ ಇನ್ನೊಂದು ಕಡೆ; ಎರಡನ್ನೂ ಜೋಡಿಸುವ ಪಟ್ಟಿಗೆ ಬೀಗ. ಮನೆಯವರದಲ್ಲದೆ ಹತ್ತಿರದ ಬಂಧುವೊಬ್ಬರ ಫೋನ್ ನಂಬರನ್ನೂ ಅವರ ಅನುಮತಿಯೊಂದಿಗೆ ಪಡೆಯಿರಿ, ಏಕೆಂದರೆ ಮರುಭೇಟಿಗೆ ಬಾರದ ಮಗುವನ್ನು ಹುಡುಕಲು ಆಮೇಲೆ ಬೇರೆ ದಾರಿ ಸಿಗುವುದು ಕಷ್ಟ. ಉಸಿರಾಟದ ಕಾಯಿಲೆಗಳ ಅಧ್ಯಯನಕ್ಕೆ ಪೂರ್ತಿ ಒಂದು ವರ್ಷ ಇಟ್ಟುಕೊಳ್ಳಿ, ಒಂದೇ ಋತುವಿನ ಲೆಕ್ಕ ಉಳಿದ ತಿಂಗಳುಗಳಿಗೆ ಹೊಂದುವುದಿಲ್ಲ.