ಮ್ಯಾಡ್ರಿಡ್‌ನಲ್ಲಿ ಗೋಯಾನ ಬೆನ್ನು ಹಿಡಿದು: ನನ್ನ ಅನುಭವ

ಮ್ಯಾಡ್ರಿಡ್‌ಗೆ ಹೊರಟವರಿಗೆ ಎಲ್ಲರೂ ಮೂರು ಮ್ಯೂಸಿಯಂಗಳ ಹೆಸರು ಹೇಳುತ್ತಾರೆ: ಪ್ರಾಡೊ, ರೈನಾ ಸೋಫಿಯಾ, ಥೈಸೆನ್. ಮೂರೂ ಹತ್ತಿರ ಹತ್ತಿರ ಇವೆ, ನಡೆದೇ ಹೋಗಬಹುದು. ಮೂರಕ್ಕೂ ಸೇರಿಸಿ ಒಂದೇ ಟಿಕೆಟ್ ಕೂಡ ಸಿಗುತ್ತದೆ. ನಾನು ಬೇರೆ ದಾರಿ ಹಿಡಿದೆ. ಸ್ಪೇನಿನ ಫ್ರಾನ್ಸಿಸ್ಕೊ ಗೋಯಾ ಎಂಬ ಒಬ್ಬನೇ ಚಿತ್ರಕಾರನನ್ನು ಆರಿಸಿಕೊಂಡೆ. ಅವನ ಕೆಲಸ ಈ ಊರಲ್ಲಿ ಎಲ್ಲೆಲ್ಲಿದೆಯೋ ಅಲ್ಲಿಗೆ ಹೋದೆ.

ಇದಕ್ಕೆ ಕಾರಣ ಇದೆ. ಯುರೋಪಿನ ಚಿತ್ರಕಲೆಯನ್ನು ನಾನು ಓದಿ ಬೆಳೆದವಳಲ್ಲ. ಕೋಣೆಯ ಮೇಲೆ ಕೋಣೆ ಸಂತರ ಕತೆ, ಗ್ರೀಕ್ ಪುರಾಣ, ರಾಜರ ಮುಖಗಳನ್ನು ನೋಡುತ್ತಾ ಹೋದರೆ ಒಂದು ಗಂಟೆಯಲ್ಲಿ ಎಲ್ಲಾ ಕಲಸಿಹೋಗುತ್ತದೆ. ಒಬ್ಬನ ಬದುಕನ್ನು ಹಿಡಿದುಕೊಂಡರೆ ಕಾಲೂರಲು ಜಾಗ ಸಿಗುತ್ತದೆ. ಗೋಯಾ ಹುಟ್ಟಿದ್ದು 1746ರಲ್ಲಿ, ತೀರಿಕೊಂಡದ್ದು 1828ರಲ್ಲಿ. ಅವನ ಉದ್ದ ಬದುಕಿನ ಎಲ್ಲ ಹಂತದ ಕೆಲಸವೂ ಈ ಒಂದು ಊರಿನಲ್ಲೇ ನೋಡಲು ಸಿಗುತ್ತದೆ.

ಮೊದಲು ಪ್ರಾಡೊ. ಒಂದು ದಿನ ಟಿಕೆಟ್ ಕೊಂಡು ಬೆಳಗ್ಗೆಯೇ ಒಳಗೆ ಹೋದೆ. ಆಮೇಲೆ ಸಂಜೆಯ ಉಚಿತ ಹೊತ್ತಿನಲ್ಲಿ ಮತ್ತೆ ಮತ್ತೆ ಹೋದೆ. ಸೋಮವಾರದಿಂದ ಶನಿವಾರದವರೆಗೆ ಸಂಜೆ 6ರಿಂದ 8, ಭಾನುವಾರ 5ರಿಂದ 7 ದುಡ್ಡಿಲ್ಲದೆ ಬಿಡುತ್ತಾರೆ. ಕ್ಯೂ ಉದ್ದ ಇರುತ್ತದೆ, ಆದರೆ ಬೇಗ ಸಾಗುತ್ತದೆ. ಆ ಎರಡು ಗಂಟೆಯಲ್ಲಿ ಇಡೀ ಮ್ಯೂಸಿಯಂ ನೋಡಲು ಹೊರಟರೆ ಬರೀ ಓಡಾಟ. ಒಂದೋ ಎರಡೋ ಕೋಣೆ ಸಾಕು ಅಂತ ಹೋದರೆ ಅದೇ ತುಂಬಾ ಒಳ್ಳೆಯ ಹೊತ್ತು. ಒಳಗೆ ಫೋಟೊ ತೆಗೆಯುವಂತಿಲ್ಲ. ನನಗೆ ಅದು ಇಷ್ಟವಾಯಿತು. ಫೋನ್ ಬ್ಯಾಗಿನಲ್ಲೇ ಉಳಿಯಿತು, ಕಣ್ಣು ಚಿತ್ರದ ಮೇಲೆ ಉಳಿಯಿತು. ಹೊರಗೆ ಬಂದು ಬೆಂಚಿನ ಮೇಲೆ ಕೂತು, ನೆನಪಲ್ಲಿ ಉಳಿದದ್ದನ್ನು ಬರೆದಿಟ್ಟುಕೊಳ್ಳುತ್ತಿದ್ದೆ.

ಗೋಯಾನನ್ನು ಹುಡುಕುವವರು ಮೇಲಿನ ಮಹಡಿಯಿಂದ ಶುರು ಮಾಡಬೇಕು. ಅವನ ಮೊದಲ ದಿನಗಳ ಕೆಲಸ ಅಲ್ಲಿದೆ. ಅರಮನೆಯ ಗೋಡೆಗಳಿಗೆ ತೂಗುಹಾಕುವ ನೇಯ್ಗೆಯ ಚಿತ್ರಪಟಗಳಿಗಾಗಿ ಅವನು 1775ರಿಂದ 1792ರವರೆಗೆ ದೊಡ್ಡ ದೊಡ್ಡ ಮಾದರಿ ಚಿತ್ರಗಳನ್ನು ಬರೆದ. ನೇಕಾರರು ಅದನ್ನು ಮುಂದಿಟ್ಟುಕೊಂಡು ನೇಯುತ್ತಿದ್ದರು. ಹಾಗಾಗಿ ಬಣ್ಣ ಢಾಳಾಗಿದೆ, ಆಕಾರಗಳು ಸ್ಪಷ್ಟವಾಗಿವೆ. ಕಣ್ಣಾಮುಚ್ಚಾಲೆ, ಗಾಳಿಪಟ, ಹೊಳೆದಂಡೆಯ ಊಟ, ಎಲ್ಲಾ ಬಿಸಿಲು, ಎಲ್ಲಾ ನಗು.

1777ರ ‘ಕೊಡೆ’ ಚಿತ್ರದ ಮುಂದೆ ನಾನು ಒಂದು ಕೆಲಸ ಮಾಡಿದೆ. ಅದು ಊಟದ ಕೋಣೆಯ ಬಾಗಿಲ ಮೇಲೆ ಹಾಕುವ ಪಟಕ್ಕಾಗಿ ಬರೆದದ್ದು. ಅಂದರೆ ನೋಡುವವರು ಕೆಳಗಿರುತ್ತಾರೆ. ಸ್ವಲ್ಪ ಕುಗ್ಗಿ ಕೆಳಗಿನಿಂದ ನೋಡಿದೆ. ಹಸಿರು ಕೊಡೆಯ ನೆರಳು ಹುಡುಗಿಯ ಮುಖದ ಮೇಲೆ ಬಿದ್ದಿರುವ ರೀತಿ ಆಗ ಸರಿಯಾಗಿ ಕಂಡಿತು. ಯಾವ ಚಿತ್ರವಾದರೂ ಅದು ಮೊದಲು ಎಲ್ಲಿರಬೇಕಿತ್ತು ಅನ್ನುವುದನ್ನು ಕೇಳಿಕೊಳ್ಳಿ. ಪಕ್ಕದ ಫಲಕದಲ್ಲಿ ಎಷ್ಟೋ ಸಲ ಅದು ಬರೆದಿರುತ್ತದೆ.

ಈ ನಗುವಿನ ನಡುವೆಯೇ ‘ಗಾಯಗೊಂಡ ಗಾರೆ ಕೆಲಸಗಾರ’ ಇದ್ದಾನೆ. ಕಟ್ಟಡದ ಸಾರುವೆ ಹಿಂದೆ ಕಾಣುತ್ತದೆ. ಇಬ್ಬರು ಜೊತೆಗಾರರು ಅವನನ್ನು ಹೊತ್ತು ತರುತ್ತಿದ್ದಾರೆ. ಇದಕ್ಕೆ ಮೊದಲು ಬರೆದ ಸಣ್ಣ ಚಿತ್ರವೂ ಪ್ರಾಡೊದಲ್ಲಿದೆ. ಅದರಲ್ಲಿ ಆ ಗಾರೆಯವನು ಕುಡಿದಿದ್ದಾನೆ, ಹೊತ್ತವರು ನಗುತ್ತಿದ್ದಾರೆ. ಭಂಗಿ ಅದೇ, ಮುಖಗಳು ಮಾತ್ರ ಬೇರೆ. ಮುಂದೆ ಬರುವ ಗೋಯಾ ಇಲ್ಲೇ ಇದ್ದಾನೆ ಅಂತ ನನಗೆ ಅನ್ನಿಸಿತು.

1792ರ ಕೊನೆಗೆ ಅವನಿಗೆ ದೊಡ್ಡ ಕಾಯಿಲೆ ಬಂತು. ಕಿವಿ ಪೂರ್ತಿ ಹೋಯಿತು. ಮಧ್ಯದ ಮಹಡಿಗೆ ಇಳಿದಾಗ ಸಿಗುವ, ಆಗಿನ ಸ್ಪೇನಿನ ರಾಜನ ಮನೆಯವರ ಚಿತ್ರ ‘ನಾಲ್ಕನೇ ಕಾರ್ಲೋಸನ ಕುಟುಂಬ’ ಅದಾದ ಮೇಲೆ, 1800ರಲ್ಲಿ ಶುರು ಮಾಡಿದ್ದು. ಇದನ್ನು ನೋಡುವ ಮುಂಚೆ ಅದೇ ಮಹಡಿಯಲ್ಲಿರುವ, ಗೋಯಾನಿಗಿಂತ ಹಿಂದಿನ ಆಸ್ಥಾನ ಚಿತ್ರಕಾರ ವೆಲಾಸ್ಕೆಸ್‌ನ ‘ಲಾಸ್ ಮೆನಿನಾಸ್’ ನೋಡಬೇಕು. 1656ರಲ್ಲಿ ವೆಲಾಸ್ಕೆಸ್ ರಾಜಕುಮಾರಿಯ ಪಕ್ಕ ತನ್ನನ್ನೂ ಬರೆದುಕೊಂಡಿದ್ದ. ಗೋಯಾ ಕೂಡ ರಾಜಮನೆತನದ ಹಿಂದೆ, ಎಡಗಡೆಯ ನೆರಳಲ್ಲಿ ತನ್ನ ಕ್ಯಾನ್ವಾಸಿನ ಜೊತೆ ನಿಂತಿದ್ದಾನೆ. ಎರಡನ್ನೂ ಒಂದೇ ಸಂಜೆ ನೋಡಿ. ಹಿರಿಯನಿಗೆ ಕಿರಿಯ ಕೊಟ್ಟ ಉತ್ತರ ಅದು.

ಕೆಳಗಿನ ಮಹಡಿಯಲ್ಲಿ ‘ಮೇ 3, 1808’ ಇದೆ. ನೆಪೋಲಿಯನ್‌ನ ಸೈನಿಕರು ಎದುರುಬಿದ್ದ ಮ್ಯಾಡ್ರಿಡ್ ಜನರನ್ನು ಸಾಲಾಗಿ ನಿಲ್ಲಿಸಿ ಗುಂಡಿಟ್ಟ ರಾತ್ರಿ. ನಮ್ಮ ಟಿಪ್ಪು ಸುಲ್ತಾನನಿಗೆ 1799ರಲ್ಲಿ ಈಜಿಪ್ಟಿನಿಂದ ಸ್ನೇಹದ ಪತ್ರ ಬರೆದಿದ್ದ ಅದೇ ನೆಪೋಲಿಯನ್. ಅವನನ್ನು ಈ ಗೋಡೆಯ ಕಡೆಯಿಂದ ನೋಡಿದರೆ ಬೇರೆಯೇ ಕಾಣುತ್ತಾನೆ. ಗೋಯಾ ಇದನ್ನು ಬರೆದದ್ದು 1814ರಲ್ಲಿ. ನೆಲದ ಮೇಲೆ ಒಂದು ದೊಡ್ಡ ಲಾಂದ್ರ. ಬಿಳಿ ಅಂಗಿಯವನು ಎರಡೂ ಕೈ ಎತ್ತಿದ್ದಾನೆ. ಸೈನಿಕರ ಬೆನ್ನು ಮಾತ್ರ ಕಾಣುತ್ತದೆ, ಒಬ್ಬನ ಮುಖವೂ ಇಲ್ಲ. ಹತ್ತಿರ ಹೋಗಿ ಬಿಳಿ ಅಂಗಿಯವನ ಬಲ ಅಂಗೈ ನೋಡಿ. ಶಿಲುಬೆಯ ಮೊಳೆ ಹೊಡೆದಂಥ ಗುರುತು ಇದೆ. ದೂರದಿಂದ ಅದು ಗೊತ್ತೇ ಆಗುವುದಿಲ್ಲ. ಪಕ್ಕದಲ್ಲೇ ಹಿಂದಿನ ದಿನದ ದಂಗೆಯನ್ನು ತೋರಿಸುವ ‘ಮೇ 2’ ಚಿತ್ರ ಇದೆ. ಸ್ಪೇನಿನ ಅಂತರ್ಯುದ್ಧದ ಸಮಯದಲ್ಲಿ, 1938ರಲ್ಲಿ, ಇದನ್ನು ಲಾರಿಯಲ್ಲಿ ಸಾಗಿಸುವಾಗ ಅಪಘಾತವಾಗಿ ಕ್ಯಾನ್ವಾಸ್ ಹರಿದಿತ್ತು. 2008ರಲ್ಲಿ ಮತ್ತೆ ಚೆನ್ನಾಗಿ ರಿಪೇರಿ ಮಾಡಿದ್ದಾರೆ.

ಆಮೇಲೆ ‘ಕಪ್ಪು ಚಿತ್ರಗಳು’. ಇವು ಹದಿನಾಲ್ಕು. 1819ರಲ್ಲಿ ಗೋಯಾ ಊರ ಹೊರಗೆ ಒಂದು ಮನೆ ಕೊಂಡ. ಎಪ್ಪತ್ತು ದಾಟಿದ ಆ ಮನುಷ್ಯ ಮನೆಯ ಗೋಡೆಗಳ ಮೇಲೇ ಎಣ್ಣೆ ಬಣ್ಣದಲ್ಲಿ ಇವನ್ನು ಬರೆದ. ಯಾರೂ ಕೇಳಿದ್ದಲ್ಲ, ಯಾರಿಗೂ ಮಾರಲು ಅಲ್ಲ. ಹೆಸರು ಕೂಡ ಅವನು ಇಟ್ಟದ್ದಲ್ಲ, ಬೇರೆಯವರು ಆಮೇಲೆ ಇಟ್ಟದ್ದು. ಅವನು ಸತ್ತು ನಾಲ್ಕು ದಶಕ ಕಳೆದ ಮೇಲೆ, 1870ರ ದಶಕದಲ್ಲಿ, ಗೋಡೆಯಿಂದ ಬಿಡಿಸಿ ಕ್ಯಾನ್ವಾಸಿಗೆ ಅಂಟಿಸಿದರು. ಆ ಕೆಲಸದಲ್ಲಿ ಬಣ್ಣ ಸಾಕಷ್ಟು ಹಾಳಾಗಿದೆ. ಅದನ್ನು ತಿಳಿದೇ ನೋಡಬೇಕು.

ತನ್ನ ಮಗುವನ್ನೇ ತಿನ್ನುವ ರೋಮನ್ ಪುರಾಣದ ದೇವರು ‘ಸ್ಯಾಟರ್ನ್’ ಮುಂದೆ ಜನ ಜಾಸ್ತಿ. ನಾನು ಜಾಸ್ತಿ ಹೊತ್ತು ನಿಂತದ್ದು ‘ನಾಯಿ’ಯ ಮುಂದೆ. ಎತ್ತರದ ಪಟ, ಬಹುಪಾಲು ಬರೀ ಮಂಕು ಹಳದಿ. ಕೆಳಗೆ ಒಂದು ನಾಯಿಯ ತಲೆ ಮಾತ್ರ, ಮೇಲೆ ನೋಡುತ್ತಿದೆ. ಮುಳುಗುತ್ತಿದೆಯೋ, ದಿಬ್ಬದ ಹಿಂದಿನಿಂದ ಇಣುಕುತ್ತಿದೆಯೋ, ಹೇಳಲು ಆಗುವುದಿಲ್ಲ. ಸಂಜೆಯ ಉಚಿತ ಹೊತ್ತನ್ನು ನಾನು ಹೆಚ್ಚಾಗಿ ಕಳೆದದ್ದು ಈ ಕೋಣೆಯಲ್ಲೇ. ಮೇಲಿನ ಮಹಡಿಯ ಗಾಳಿಪಟದವನೇ ಇದನ್ನೂ ಬರೆದ ಅನ್ನುವುದು, ಆ ಮೆಟ್ಟಿಲು ಇಳಿದು ಬಂದರಷ್ಟೇ ಮನಸ್ಸಿಗೆ ನಾಟುತ್ತದೆ.

ಪ್ರಾಡೊ ಆಚೆಗೂ ಗೋಯಾ ಇದ್ದಾನೆ. ಪುಎರ್ತಾ ದೆಲ್ ಸೋಲ್ ಚೌಕದ ಹತ್ತಿರ, ಆಲ್ಕಲಾ ರಸ್ತೆಯಲ್ಲಿ ಸಾನ್ ಫೆರ್ನಾಂಡೊ ಕಲಾ ಅಕಾಡೆಮಿ ಇದೆ. ಪ್ರವಾಸಿಗರು ಅಷ್ಟಾಗಿ ಹೋಗುವುದಿಲ್ಲ. ‘ಸಾರ್ಡೀನ್ ಮೀನಿನ ಶವಯಾತ್ರೆ’ ಎಂಬ ಹಬ್ಬದ ಚಿತ್ರವನ್ನು ಅಲ್ಲಿ ಯಾರ ಭುಜವೂ ತಾಗದಂತೆ ನಿಂತು ನೋಡಬಹುದು. 1799ರ ‘ಕಾಪ್ರಿಚೋಸ್’ ಎಂಬ 80 ಅಚ್ಚುಚಿತ್ರಗಳ ತಾಮ್ರದ ಫಲಕಗಳೂ ಈ ಅಕಾಡೆಮಿಯ ವಶದಲ್ಲಿವೆ.

ನನ್ನ ಕೇಳಿದರೆ, ಒಂದೇ ಜಾಗಕ್ಕೆ ಸಮಯ ಇದ್ದರೂ ಸಾನ್ ಆಂತೋನಿಯೊ ದೆ ಲಾ ಫ್ಲೋರಿದಾ ಪ್ರಾರ್ಥನಾ ಮಂದಿರಕ್ಕೆ ಹೋಗಿ ಅನ್ನುತ್ತೇನೆ. ಪ್ರಿನ್ಸಿಪೆ ಪಿಯೊ ಮೆಟ್ರೊ ಸ್ಟೇಷನ್‌ನಿಂದ ನಡೆದು ಹೋಗಬಹುದು. ಗುಮ್ಮಟದ ಒಳಮೈಯನ್ನು ಗೋಯಾ 1798ರಲ್ಲಿ ಬರೆದ. ಸಂತ ಆಂತೋನಿಯೊ ಸತ್ತವನೊಬ್ಬನನ್ನು ಎಬ್ಬಿಸಿ ಸಾಕ್ಷಿ ಹೇಳಿಸುತ್ತಿದ್ದಾನೆ. ಸುತ್ತಲೂ ಒಂದು ಕಟಕಟೆ, ಅದಕ್ಕೆ ಒರಗಿ ನಿಂತ ಬೀದಿಯ ಜನ. ಪವಾಡದ ಕಡೆ ಗಮನವೇ ಇಲ್ಲದವರೂ ಇದ್ದಾರೆ. ಮಕ್ಕಳು ಕಟಕಟೆ ಹತ್ತುತ್ತಿದ್ದಾರೆ. ಕತ್ತು ನೋಯದಂತೆ ನೋಡಲು ಕೆಳಗೆ ಕನ್ನಡಿ ಇಟ್ಟಿದ್ದಾರೆ. ಅದೇ ನೆಲದಲ್ಲಿ ಗೋಯಾನ ಸಮಾಧಿ ಇದೆ. ಅವನು ತೀರಿಕೊಂಡ ಫ್ರಾನ್ಸಿನ ಬೋರ್ದೋ ಊರಿನಿಂದ ತಂದ ಅವನ ಅಸ್ಥಿಯನ್ನು 1919ರಲ್ಲಿ ಇಲ್ಲಿಗೆ ತಂದಿಟ್ಟರು. ಬೋರ್ದೋದಲ್ಲಿ ಗೋರಿ ತೆರೆದಾಗಲೇ ತಲೆಬುರುಡೆ ಇರಲಿಲ್ಲ.

ಇಷ್ಟೆಲ್ಲ ಆದ ಮೇಲೆಯೇ ನಾನು ರೈನಾ ಸೋಫಿಯಾಕ್ಕೆ ಹೋಗಿ ಪಿಕಾಸೊನ ‘ಗೆರ್ನಿಕಾ’ ನೋಡಿದೆ. ಬಾಂಬ್ ದಾಳಿಗೆ ಸಿಕ್ಕ ಊರಿನ ಬಗ್ಗೆ 1937ರಲ್ಲಿ ಬರೆದ ಚಿತ್ರ, ಏಳೂಮುಕ್ಕಾಲು ಮೀಟರ್ ಅಗಲ. ಬಲತುದಿಯಲ್ಲಿ ಎರಡೂ ಕೈ ಮೇಲೆತ್ತಿದ ಆಕೃತಿ ಇದೆ. ಬಿಳಿ ಅಂಗಿಯವನನ್ನು ಹತ್ತಿರದಿಂದ ಕಂಡು ಬಂದಿದ್ದ ನನಗೆ ಅದು ಗುರುತಿನವರಂತೆ ಕಂಡಿತು. ನೀವೂ ಹೋಗುವುದಾದರೆ ದಿನ ನೋಡಿಕೊಳ್ಳಿ: ರೈನಾ ಸೋಫಿಯಾಕ್ಕೆ ಮಂಗಳವಾರ ರಜೆ, ಅಕಾಡೆಮಿಗೆ ಮತ್ತು ಸಾನ್ ಆಂತೋನಿಯೊಗೆ ಸೋಮವಾರ.