ಮೌತ್ ಆರ್ಗನ್‌ನಲ್ಲಿ ಮಾಯಾಮಾಳವಗೌಳ: ಸ್ವರ ತಪ್ಪದಂತೆ ಬೆಂಡ್ ಮಾಡುವುದು ಹೇಗೆ?

ಮೌತ್ ಆರ್ಗನ್ ಕೊಂಡು, ಎರಡು ಮೂರು ಸಿನಿಮಾ ಹಾಡು ನುಡಿಸಿ, ಆಮೇಲೆ ಅದನ್ನು ಮೇಜಿನ ಡ್ರಾಯರಿಗೆ ಹಾಕಿ ಮರೆತವರು ಬೆಂಗಳೂರಿನಲ್ಲಿ ಎಲ್ಲ ಬಡಾವಣೆಗಳಲ್ಲೂ ಸಿಗುತ್ತಾರೆ. ಇವರಲ್ಲಿ ಬಹುಪಾಲು ಜನರನ್ನು ತಡೆಯುವುದು ಒಂದೇ ತೊಡಕು. ಹತ್ತು ತೂತಿನ, ಸಿ ಕೀಯ (ಹಾರ್ಮೋನಿಯಂನ ಬಿಳಿ ಒಂದೇ ಸ ಆಗಿರುವ) ಡಯಾಟೋನಿಕ್ ಹಾರ್ಮೋನಿಕಾದ, ಅಂದರೆ ಮೌತ್ ಆರ್ಗನ್‌ನ, ಮಧ್ಯಸ್ಥಾಯಿಯಲ್ಲಿ ನೇರವಾಗಿ ಸಿಗುವುದು ಶಂಕರಾಭರಣದ ಏಳು ಸ್ವರಗಳು ಮಾತ್ರ. ಮೋಹನ, ಹಂಸಧ್ವನಿ ಸಲೀಸಾಗಿ ಬರುತ್ತವೆ. ಆದರೆ ಹಾಡಿನಲ್ಲಿ ಒಂದು ಶುದ್ಧ ಧೈವತ (ಪಂಚಮಕ್ಕಿಂತ ಅರ್ಧ ಸ್ವರವಷ್ಟೇ ಮೇಲಿನ ದ) ಬಂದರೆ ಅದಕ್ಕೆ ತೂತೇ ಇಲ್ಲ. ಮೇಲಿನ ಸ್ವರವನ್ನು ಕೆಳಕ್ಕೆ ಬಗ್ಗಿಸಿಯೇ ಅದನ್ನು ಪಡೆಯಬೇಕು. ಅದೇ ಬೆಂಡ್.

ಈ ವಿದ್ಯೆಯನ್ನು ಬೆಳೆಸಿದವರು ಅಮೆರಿಕದ ಬ್ಲೂಸ್ ವಾದಕರು. ಲಿಟಲ್ ವಾಲ್ಟರ್ (1930–1968) ನುಡಿಸಿದ್ದನ್ನು ಕೇಳಿದವರಿಗೆ ಇಷ್ಟು ಚಿಕ್ಕ ವಾದ್ಯದಲ್ಲಿ ಇಷ್ಟೊಂದು ಅಡಗಿದೆಯೇ ಅನ್ನಿಸದೆ ಇರದು. ಬ್ಲೂಸ್‌ನಲ್ಲಿ ಎರಡು ಸ್ವರಗಳ ನಡುವೆ ಬೇಕೆಂದೇ ನಿಲ್ಲುವುದುಂಟು. ಅದನ್ನಷ್ಟೇ ಅನುಕರಿಸಿ ಕಲಿತವರಿಗೆ ಬೆಂಡ್ ಬರುತ್ತದೆ, ಅದು ಸ್ವರದ ಮೇಲೆ ಕೂರುವುದಿಲ್ಲ. ಸ್ವರ ಕೂರಿಸುವುದಕ್ಕೆ ನಮ್ಮ ಕೈಯಲ್ಲೇ ಒಳ್ಳೆಯ ಪಾಠವಿದೆ: ಕರ್ನಾಟಕ ಸಂಗೀತದ ಮೊದಲ ಪಾಠವಾದ, ಮಾಯಾಮಾಳವಗೌಳ ರಾಗದ ಸರಳೆ ವರಸೆ. ಸಿ ಹಾರ್ಮೋನಿಕಾದಲ್ಲಿ ಆ ರಾಗಕ್ಕೆ ಬೇಕಾಗುವುದು ಎರಡೇ ಬೆಂಡ್, ಎರಡೂ ಸರಿಯಾಗಿ ಅರ್ಧ ಸ್ವರದಷ್ಟು. ಬೆಂಡ್ ಕಲಿಯುವವರಿಗೆ ಇದಕ್ಕಿಂತ ಹೊಂದುವ ಅಭ್ಯಾಸ ಇನ್ನೊಂದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ವಾದ್ಯ ಸರಿಯಾಗಿರಲಿ

ಅಂಗಡಿಗೆ ಹೋಗಿ ಬರೀ ‘ಮೌತ್ ಆರ್ಗನ್ ಕೊಡಿ’ ಎಂದರೆ ಮೇಲೆ ಕೆಳಗೆ ಎರಡು ಸಾಲು ತೂತುಗಳಿರುವ ಉದ್ದನೆಯ ಟ್ರೆಮೊಲೊ ಕೈಗೆ ಬರುವುದೇ ಹೆಚ್ಚು. ಅದರ ನಾದ ಚೆನ್ನ, ಹಳೆಯ ಹಾಡುಗಳಿಗೆ ಒಪ್ಪುತ್ತದೆ. ಆದರೆ ಬೆಂಡ್‌ಗೆ ಅದು ಒದಗುವುದಿಲ್ಲ. ಪಕ್ಕದಲ್ಲಿ ಗುಂಡಿ ಇರುವ ಕ್ರೋಮ್ಯಾಟಿಕ್‌ನಲ್ಲಿ ಹನ್ನೆರಡೂ ಸ್ವರಸ್ಥಾನಗಳು ಸಿಗುತ್ತವೆ, ಅಲ್ಲಿ ಬೆಂಡ್‌ನ ರೀತಿ ಬೇರೆ. ನೀವು ಕೇಳಬೇಕಾದ್ದು ಹತ್ತು ತೂತಿನ ಡಯಾಟೋನಿಕ್, ಸಿ ಕೀ. ಹೋನರ್, ಸುಝುಕಿಯಂಥ ಕಂಪನಿಗಳ ಮಾಮೂಲಿ ಮಾದರಿ ಸಾಕು. ಆಟಿಕೆಯಂಥ ಅಗ್ಗದ್ದು ಬೇಡ. ಅದರಲ್ಲಿ ಗಾಳಿ ಸೋರುತ್ತದೆ, ಸೋರುವ ವಾದ್ಯದಲ್ಲಿ ಬೆಂಡ್ ಬರದಿದ್ದರೆ ತಪ್ಪು ನಿಮ್ಮದೋ ವಾದ್ಯದ್ದೋ ಗೊತ್ತಾಗುವುದಿಲ್ಲ.

ಇನ್ನೊಂದು ಪೂರ್ವಸಿದ್ಧತೆ: ಒಂದೇ ತೂತನ್ನು, ಪಕ್ಕದ ಸ್ವರ ಸೇರದಂತೆ ನುಡಿಸಲು ಬರಬೇಕು. ತುಟಿಯನ್ನು ಮುಂದಕ್ಕೆ ಚಾಚಿ, ವಾದ್ಯವನ್ನು ತುದಿತುಟಿಗಲ್ಲ, ತುಟಿಯ ಒಳಭಾಗದ ತೇವದವರೆಗೆ ಇಟ್ಟುಕೊಳ್ಳಿ. 4ನೇ ತೂತನ್ನು ಊದಿದರೆ ಸ, ಉಸಿರು ಎಳೆದರೆ ಚತುಶ್ರುತಿ ರಿಷಭ, ಅಂದರೆ ಸ ಗಿಂತ ಒಂದು ಪೂರ್ಣ ಸ್ವರ ಮೇಲಿನ ರಿ. ಎರಡೂ ಸ್ವಚ್ಛವಾಗಿ, ಒಂದೊಂದೇ ಕೇಳಿಸುವವರೆಗೆ ಬೆಂಡ್‌ಗೆ ಕೈ ಹಾಕಬೇಡಿ.

ಒಳಗೆ ನಡೆಯುವುದೇನು

ಪ್ರತಿ ತೂತಿನ ಹಿಂದೆ ಒಂದೇ ಕೋಣೆ, ಆ ಕೋಣೆಯಲ್ಲಿ ಎರಡು ಲೋಹದ ರೀಡ್, ಅಂದರೆ ಗಾಳಿಗೆ ಕಂಪಿಸುವ ತೆಳು ಪಟ್ಟಿ. ಊದಿದರೆ ಒಂದು ನುಡಿಯುತ್ತದೆ, ಎಳೆದರೆ ಇನ್ನೊಂದು. ಬೆಂಡ್ ಮಾಡುವಾಗ ಬಾಯೊಳಗಿನ ಆಕಾರ ಬದಲಾಗಿ, ಎರಡೂ ರೀಡ್‌ಗಳು ಒಂದಕ್ಕೊಂದು ಪ್ರತಿಕ್ರಿಯಿಸುತ್ತವೆ. ಎತ್ತರದ ಸ್ವರದ ರೀಡ್ ತಗ್ಗಿನದರ ಕಡೆಗೆ ಇಳಿಯುತ್ತದೆ, ತಗ್ಗಿನ ರೀಡ್ ಸುಮ್ಮನಿರದೆ ತಾನೂ ಕಂಪಿಸತೊಡಗುತ್ತದೆ. ಟ್ರೆಮೊಲೊದಲ್ಲಿ ಒಂದೊಂದು ರೀಡ್‌ಗೂ ಬೇರೆ ಬೇರೆ ಕೋಣೆ ಇರುವುದರಿಂದಲೇ ಅಲ್ಲಿ ಇದು ಸಾಧ್ಯವಿಲ್ಲ.

ಇದರಿಂದ ಒಂದು ಉಪಯುಕ್ತ ಲೆಕ್ಕ ಹುಟ್ಟುತ್ತದೆ. ಬೆಂಡ್‌ನಲ್ಲಿ ನೀವು ಇಳಿಯಬಹುದಾದ ಕೊನೆಯ ಸ್ವರ, ತಗ್ಗಿನ ರೀಡ್‌ಗಿಂತ ಅರ್ಧ ಸ್ವರ ಮೇಲೆ. 4ನೇ ತೂತಿನಲ್ಲಿ ಸ ಮತ್ತು ಚತುಶ್ರುತಿ ರಿಷಭ ಇವೆ, ನಡುವೆ ಶುದ್ಧ ರಿಷಭ ಮಾತ್ರ ಉಳಿದಿದೆ. ಆದ್ದರಿಂದ ಅಲ್ಲಿ ಒಂದೇ ಬೆಂಡ್. 6ರಲ್ಲಿ ಪ ಮತ್ತು ಚತುಶ್ರುತಿ ಧೈವತ, ನಡುವೆ ಶುದ್ಧ ಧೈವತ. 2ರ ಎಳೆತದಲ್ಲಿ ಎರಡು ಸ್ವರ ಅಡಗಿವೆ, 3ರ ಎಳೆತದಲ್ಲಿ ಮೂರು. 5ರಲ್ಲಿ ಗ, ಮ ಎರಡೂ ಅರ್ಧ ಸ್ವರದ ಅಂತರದ ನೆರೆಹೊರೆ, ನಡುವೆ ಏನೂ ಇಲ್ಲ. ಅಲ್ಲಿ ಬಲವಂತ ಮಾಡಿದರೆ ಸ್ವರ ಸಿಗುವುದಿಲ್ಲ, ರೀಡ್ ಹಾಳಾಗುತ್ತದೆ.

ಕೀ, ಕೂ

ಹೊಸಬರು ಜೋರಾಗಿ ಉಸಿರೆಳೆದರೆ ಸ್ವರ ಬಗ್ಗುತ್ತದೆ ಎಂದುಕೊಳ್ಳುತ್ತಾರೆ. ಕೆಲಸ ಮಾಡಬೇಕಾದ್ದು ಉಸಿರಿನ ಬಲವಲ್ಲ, ನಾಲಿಗೆಯ ಜಾಗ.

ವಾದ್ಯವನ್ನು ಪಕ್ಕಕ್ಕಿಡಿ. ಪಿಸುದನಿಯಲ್ಲಿ ‘ಕೀ’ ಅನ್ನಿ, ಆಮೇಲೆ ‘ಕೂ’ ಅನ್ನಿ. ನಾಲಿಗೆಯ ಬೆನ್ನು ಅಂಗುಳವನ್ನು ಮುಟ್ಟುವ ಜಾಗ ಗಮನಿಸಿ. ‘ಕೀ’ಯಲ್ಲಿ ಅದು ಮುಂದಿರುತ್ತದೆ, ‘ಕೂ’ನಲ್ಲಿ ಗಂಟಲ ಕಡೆಗೆ ಸರಿಯುತ್ತದೆ. ಈಗ ಅದೇ ಜಾಗದಲ್ಲಿ ನಾಲಿಗೆಯನ್ನು ಪೂರ್ತಿ ಮುಟ್ಟಿಸದೆ, ಸಣ್ಣ ಸಂದು ಬಿಟ್ಟು ಉಸಿರನ್ನು ಒಳಕ್ಕೆಳೆಯಿರಿ. ಗಾಳಿ ಸಂದಿನಲ್ಲಿ ಹಾಯುವಾಗ ತಣ್ಣನೆಯ ಒಂದು ಬಿಂದು ಅಂಗುಳದ ಮೇಲೆ ಅನುಭವಕ್ಕೆ ಬರುತ್ತದೆ. ಆ ಬಿಂದುವನ್ನು ಮುಂದಿನಿಂದ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ ಸರಿಸಿ ಆಡಿ. ಬೆಂಡ್ ಎಂಬುದೆಲ್ಲ ಆ ಬಿಂದುವಿನ ಓಡಾಟವೇ. ಉಸಿರೆಳೆದುಕೊಂಡು ಶಿಳ್ಳೆ ಹೊಡೆಯಲು ಬರುವವರು ಶಿಳ್ಳೆಯ ಸ್ವರವನ್ನು ಇಳಿಸಿ ನೋಡಲಿ, ನಾಲಿಗೆ ಮಾಡುವುದು ಇದನ್ನೇ.

ಇನ್ನು 4ರ ಎಳೆತ. ಬಿಂದುವನ್ನು ‘ಕೀ’ ಮತ್ತು ‘ಕೂ’ಗಳ ನಡುವೆ ಎಲ್ಲೋ ಇಟ್ಟು, ಮೆಲ್ಲಗೆ ಎಳೆಯುತ್ತ, ನಿಧಾನವಾಗಿ ಹಿಂದಕ್ಕೆ ಸರಿಸಿ. ಒಂದು ಹಂತದಲ್ಲಿ ಸ್ವರ ಸಟ್ಟನೆ ಇಳಿಯುತ್ತದೆ. ಸಿಕ್ಕ ಕೂಡಲೇ ನಿಲ್ಲಿಸಬೇಡಿ, ಬಿಟ್ಟು ಮತ್ತೆ ಇಳಿಸಿ. 6ಕ್ಕೆ ಬಿಂದು ಇನ್ನೂ ಮುಂದೆ ಇರಬೇಕು, 2 ಮತ್ತು 1ಕ್ಕೆ ಬಹಳ ಹಿಂದೆ. ಒಂದು ತೂತಿನ ಜಾಗದಲ್ಲಿ ಇನ್ನೊಂದರ ಬೆಂಡ್ ಹುಡುಕಿದರೆ ಸಿಗದು.

ಎಷ್ಟು ಮಾಡಿದರೂ ಇಳಿಯದಿದ್ದರೆ ಮೂಗನ್ನು ಚಿವುಟಿ ಹಿಡಿದು ನುಡಿಸಿ. ಆಗ ನಾದ ಬದಲಾದರೆ ಅಷ್ಟು ಹೊತ್ತೂ ಮೂಗಿನಿಂದ ಗಾಳಿ ಸೇರುತ್ತಿತ್ತು ಎಂದರ್ಥ. ಹಲವರ ಕಷ್ಟ ಇಷ್ಟೇ ಇರುತ್ತದೆ.

ಸ್ವರ ಕೂರಿಸುವುದು

ಮುಖ್ಯ ಭಾಗ ಇದು. ಮೊಬೈಲಿನ ಶ್ರುತಿ ಆ್ಯಪ್‌ನಲ್ಲಿ ಒಂದು ಮನೆ ಶ್ರುತಿ, ಅಂದರೆ ಹಾರ್ಮೋನಿಯಂನ ಬಿಳಿ ಒಂದು ಹಾಕಿಕೊಳ್ಳಿ. ನುಡಿಸುವ ಮೊದಲು ಹಾಡಿ: ಸ, ಶುದ್ಧ ರಿಷಭ, ಸ. ಗಂಟಲಲ್ಲಿ ಬಾರದ ಸ್ವರ ನಾಲಿಗೆಗೂ ಬಾರದು. ಕಂಠ ಚೆನ್ನಾಗಿಲ್ಲ ಎಂಬ ಸಂಕೋಚ ಬೇಡ, ಗುನುಗಿದರೂ ಸಾಕು. ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಛೇರಿಗಳನ್ನು ಕೇಳಿ ಬೆಳೆದ ಕಿವಿಗೆ ಈ ರಿಷಭ ಎಲ್ಲಿದೆ ಎಂದು ಯಾರೂ ಹೇಳಿಕೊಡಬೇಕಿಲ್ಲ.

ಆಮೇಲೆ, ನುಡಿಸಿದ ಸ್ವರ ಎಷ್ಟು ಸರಿಯಿದೆ ಎಂದು ಮುಳ್ಳಿನಿಂದ ತೋರಿಸುವ ಟ್ಯೂನರ್ ಆ್ಯಪ್ ತೆರೆಯಿರಿ. ಅದನ್ನು ನೋಡುತ್ತ ಬೆಂಡ್ ಮಾಡಬೇಡಿ, ಹಾಗೆ ಮಾಡಿದರೆ ಕಿವಿಯ ಕೆಲಸವನ್ನು ಕಣ್ಣು ಕಸಿದುಕೊಳ್ಳುತ್ತದೆ. ಕಣ್ಣು ಮುಚ್ಚಿ ರಿಷಭ ಹಿಡಿಯಿರಿ, ಸರಿ ಅನ್ನಿಸಿದ ಮೇಲೆ ಕಣ್ಣು ಬಿಟ್ಟು ಮುಳ್ಳು ಎಲ್ಲಿದೆ ನೋಡಿ. 4ರ ಎಳೆತ ಬಗ್ಗಿಸದೆ ಸುಮಾರು 587 ಹರ್ಟ್ಸ್, ಶುದ್ಧ ರಿಷಭ ಸುಮಾರು 554. ಕೆಲವು ಕಂಪನಿಗಳು ವಾದ್ಯದ ‘ಎ’ ಸ್ವರವನ್ನು ರೂಢಿಯ 440 ಹರ್ಟ್ಸ್ ಬದಲು 442 ಅಥವಾ 443ಕ್ಕೆ ಶ್ರುತಿ ಮಾಡುವುದರಿಂದ, ಬಗ್ಗಿಸದ ಸ್ವರಗಳು ಎಲ್ಲಿ ನಿಲ್ಲುತ್ತವೆ ಎಂದು ಮೊದಲೇ ನೋಡಿಟ್ಟುಕೊಂಡು ಅದಕ್ಕೆ ತಕ್ಕಂತೆ ಓದಿಕೊಳ್ಳಿ. ಇನ್ನೊಂದು ಸೂಕ್ಷ್ಮ: ತಂಬೂರಿಯ ಜೊತೆ ಸಹಜವಾಗಿ ಬೆರೆಯುವ 16/15 ಅನುಪಾತದ ಶುದ್ಧ ರಿಷಭ, ಟ್ಯೂನರ್ ತೋರಿಸುವ ಜಾಗಕ್ಕಿಂತ ಸುಮಾರು 12 ಸೆಂಟ್ (ಅರ್ಧ ಸ್ವರದ ನೂರನೇ ಒಂದು ಭಾಗಕ್ಕೆ ಒಂದು ಸೆಂಟ್) ಮೇಲಿರುತ್ತದೆ. ಮುಳ್ಳು ಅಷ್ಟು ಮೇಲೆ ನಿಂತು ಶ್ರುತಿಗೆ ಬೆರೆತಿದ್ದರೆ ಶ್ರುತಿಯನ್ನೇ ನಂಬಿ.

ಶುರುವಿನಲ್ಲಿ 4ರ ಬೆಂಡ್ ಬೇಕಾದ್ದಕ್ಕಿಂತ ಹೆಚ್ಚು ಇಳಿಯುವುದು ಸಾಮಾನ್ಯ. ಸ್ವರ ಸಿಕ್ಕಿದ ಸಂತೋಷದಲ್ಲಿ ತಳದವರೆಗೆ ಎಳೆದು ಅದೇ ರಿಷಭ ಎಂದುಕೊಳ್ಳುತ್ತೇವೆ. ತಳ ಮುಟ್ಟಿ, ಅಲ್ಲಿಂದ ನಾಲಿಗೆಯನ್ನು ಕೂದಲೆಳೆಯಷ್ಟು ಸಡಿಲಿಸಿದರೆ ರಿಷಭ ಸಿಗುತ್ತದೆ. ಹಿಡಿದ ಸ್ವರ ಒಂದು ಆವರ್ತ ಪೂರ್ತಿ ಅಲುಗದೆ ನಿಲ್ಲಬೇಕು. ಉಸಿರು ತುಂಬುತ್ತ ಬಂದಂತೆ ನಾಲಿಗೆ ಸೋತು ಸ್ವರ ಮೇಲಕ್ಕೇರುತ್ತದೆ, ಅದನ್ನು ಕಾಯುವುದೇ ಅಭ್ಯಾಸ.

ಇನ್ನೊಂದು ಹೆಜ್ಜೆ ಇದೆ, ಇದನ್ನು ಬಿಟ್ಟವರೇ ಹೆಚ್ಚು. ಬೆಂಡ್ ಹಿಡಿದಿರುವಾಗ ಉಸಿರನ್ನು ಮಾತ್ರ ನಿಲ್ಲಿಸಿ, ನಾಲಿಗೆ ಇದ್ದಲ್ಲೇ ಇರಲಿ. ಮತ್ತೆ ಎಳೆಯಿರಿ. ಸ್ವರ ಮೇಲಿನಿಂದ ಜಾರದೆ ನೇರವಾಗಿ ಬಗ್ಗಿದ ಜಾಗದಲ್ಲೇ ಹುಟ್ಟಬೇಕು. ಜಾರು ಬೇಕಾದಾಗ ಚೆಂದ, ಆದರೆ ಪ್ರತಿ ರಿಷಭವೂ ಜಾರುತ್ತಲೇ ಬಂದರೆ ರಾಗ ಕೆಡುತ್ತದೆ.

ವರಸೆಗೆ ಹೊರಡಿ

ಸ 4 ಊದು, ರಿ 4 ಎಳೆದು ಬೆಂಡ್, ಗ 5 ಊದು, ಮ 5 ಎಳೆ, ಪ 6 ಊದು, ದ 6 ಎಳೆದು ಬೆಂಡ್, ನಿ 7 ಎಳೆ, ಮೇಲಿನ ಸ 7 ಊದು. 7ರಲ್ಲಿ ಮಾತ್ರ ಕ್ರಮ ತಿರುಗುತ್ತದೆ, ಎಳೆತವೇ ತಗ್ಗಿನ ಸ್ವರ. ಮೊದಲ ಕಾಲದಲ್ಲಿ, ಆದಿತಾಳ ಹಾಕಿಕೊಂಡು ಸಾಗಲಿ. ಎರಡನೆಯ ಕಾಲಕ್ಕೆ ಅವಸರ ಬೇಡ.

ತಪ್ಪಿದರೆ ರಾಗವೇ ಹೇಳಿಬಿಡುತ್ತದೆ. ಧೈವತದ ಬೆಂಡ್ ತಪ್ಪಿತೋ, ನೀವು ನುಡಿಸಿದ್ದು ಸೂರ್ಯಕಾಂತ. ರಿಷಭದ್ದು ತಪ್ಪಿತೋ, ಸರಸಾಂಗಿ. ಎರಡೂ ತಪ್ಪಿದರೆ ಶಂಕರಾಭರಣ. ಮೇಳಕರ್ತ ಬಲ್ಲವರ ಮನೆಯಲ್ಲಿ ಅಭ್ಯಾಸ ಮಾಡಿದರೆ ಅಡುಗೆಮನೆಯಿಂದಲೇ ತಿದ್ದುಪಡಿ ಬರುತ್ತದೆ! ಹೆಚ್ಚು ಕಷ್ಟ ಅವರೋಹಣದ ನಿ–ದ. ಎರಡೂ ಎಳೆತ, ಉಸಿರು ಮುರಿಯದೆ 7ರಿಂದ 6ಕ್ಕೆ ಸರಿಯುವಷ್ಟರಲ್ಲಿ ನಾಲಿಗೆ ಸಿದ್ಧವಾಗಿರಬೇಕು. ‘ನಿ ದ ನಿ ದ’ ಎಂದು ಆ ಎರಡನ್ನೇ ಬಿಡಿಸಿಕೊಂಡು ತಿದ್ದಿ.

ಪಾಶ್ಚಾತ್ಯ ವಾದ್ಯದಲ್ಲಿ ಇಷ್ಟೆಲ್ಲ ಯಾಕೆ ಎನ್ನುವವರಿಗೆ ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನ್ ನೆನಪಿಸಿದರೆ ಸಾಕು.

ಮೂರನೆಯ ತೂತು

ಮೊದಲೆರಡು ಬೆಂಡ್ ಕೈಗೆ ಬಂದ ಮೇಲೆ ನಿಜವಾದ ಪರೀಕ್ಷೆ 3ರ ಎಳೆತ. ಇಲ್ಲಿ 2ರ ಎಳೆತವನ್ನು ಸ ಮಾಡಿಕೊಳ್ಳಿ, ಶ್ರುತಿಯನ್ನೂ ಬಿಳಿ ಐದಕ್ಕೆ ಬದಲಿಸಿ. ಆಗ 3ರ ಎಳೆತ ಬಗ್ಗಿಸದೆ ಅಂತರ ಗಾಂಧಾರ, ಸ್ವಲ್ಪ ಬಗ್ಗಿಸಿದರೆ ಸಾಧಾರಣ ಗಾಂಧಾರ, ಇನ್ನೂ ಬಗ್ಗಿಸಿದರೆ ಚತುಶ್ರುತಿ ರಿಷಭ, ತಳದಲ್ಲಿ ಶುದ್ಧ ರಿಷಭ. ಒಂದೇ ತೂತಿನಲ್ಲಿ ನಾಲ್ಕು ಸ್ವರ. ನಾಲಿಗೆಗೆ ಸುಲಭವಾಗಿ ಸಿಗುವುದು ಮೇಲಿನದು ಮತ್ತು ತಳದ್ದು, ನಡುವಿನ ಎರಡಕ್ಕೆ ತಾಳ್ಮೆ ಬೇಕು.

ಚತುಶ್ರುತಿ ರಿಷಭ ಸರಿಯಾಗಿದೆಯೇ ಎಂದು ನೋಡಲು ಟ್ಯೂನರ್ ಕೂಡ ಬೇಡ. ಅದೇ ಸ್ವರ ಒಂದು ಸ್ಥಾಯಿ ಮೇಲೆ, 6ರ ಎಳೆತದಲ್ಲಿ ಬಗ್ಗಿಸದೆಯೇ ಸಿಗುತ್ತದೆ. 6ನ್ನು ಕೇಳಿ, 3ಕ್ಕೆ ಬಂದು ಅದರ ಕೆಳಗಿನ ಜೋಡಿಯನ್ನು ಹಿಡಿಯಿರಿ. 440 ಹರ್ಟ್ಸ್‌ಗೆ ಶ್ರುತಿ ಮಾಡಿದ ವಾದ್ಯವಾದರೆ 3ರ ಈ ಬೆಂಡ್ ಬೀಳಬೇಕಾದ್ದು ಸರಿಯಾಗಿ ಆ 440ರ ಮೇಲೆಯೇ. ಹಾಗೆಯೇ 2ರ ಆಳದ ಬೆಂಡ್‌ಗೆ 5ರ ಎಳೆತ ಮೇಲ್ಪಂಕ್ತಿ. ಈ ರಿಷಭ ಒಂದು ಸ್ಥಿರವಾದರೆ ಹರಿಕಾಂಭೋಜಿಯ ಆರೋಹಣ ಪೂರ್ತಿ ಬರುತ್ತದೆ. ಜೊತೆಗೆ ಸಾಧಾರಣ ಗಾಂಧಾರವೂ ನಿಂತರೆ ಖರಹರಪ್ರಿಯ ನಿಮ್ಮದು.

ಡಿಸೆಂಬರಿನ ಬೆಳಗ್ಗೆ ಕಬ್ಬನ್ ಪಾರ್ಕಿನಲ್ಲಿ ಕೂತು ಅಭ್ಯಾಸ ಮಾಡುವವರು ವಾದ್ಯವನ್ನು ಮೊದಲು ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಳ್ಳಿ, ತಣ್ಣನೆಯ ರೀಡ್ ಮೇಲೆ ಉಸಿರಿನ ತೇವ ಕೂತು ಸ್ವರ ಕಟ್ಟುತ್ತದೆ. ಕಾಫಿ ಕುಡಿದಿದ್ದರೆ ಬಾಯಿ ಮುಕ್ಕಳಿಸಿ. ನುಡಿಸಿದ ಮೇಲೆ ತೂತುಗಳನ್ನು ಕೆಳಮುಖ ಮಾಡಿ ಅಂಗೈಗೆ ತಟ್ಟಿ ಒಣಗಿಸಿ. 8, 9, 10ನೇ ತೂತುಗಳಲ್ಲಿ ಊದುವಾಗ ಬೆಂಡ್ ಆಗುತ್ತದೆ, ಬಿಂದು ಹಲ್ಲಿನ ಹಿಂದೆಯೇ ಇರಬೇಕು. ಅವುಗಳನ್ನು 3ರ ಎಳೆತ ಹದಕ್ಕೆ ಬಂದ ಮೇಲೆ ಮುಟ್ಟಿದರೆ ಸಾಕು.