ಕಡಿಮಿ ರೊಕ್ಕದಾಗ ಮೂವಿಂಗ್ ಹೆಡ್ ಲೈಟ್: ನಾನು ಹೆಂಗ್ ಆರಿಸಿದೆ

ನಂದು ಗಂಗಾವತಿ ಕಡೆ ಸೌಂಡ್ ಮತ್ತ ಲೈಟಿಂಗ್ ಕೆಲಸ. ಮದುವಿ, ಸೀಮಂತ, ಬರ್ತ್‌ಡೇ, ಜಾತ್ರಿ ನಾಟಕ, ಕಾಲೇಜ್ ಗ್ಯಾದರಿಂಗ್ ಯಾವುದು ಬಂದ್ರೂ ಮಾಡ್ತೀವಿ. ಹೊಸದಾಗಿ ಈ ಲೈನಿಗೆ ಬಂದ ಹುಡುಗ್ರು ಕೇಳೋದು ಒಂದ, ಅಣ್ಣ ಬೀಮ್ ಲೈಟ್ ತಗೋಬೇಕು ಯಾವುದು ಚಲೋ ಅಂತ. ಮೂವಿಂಗ್ ಹೆಡ್ ಅಂದ್ರ ಮೋಟರಿನಿಂದ ತಲಿ ತಿರುಗೋ ಸ್ಟೇಜ್ ಲೈಟ್, ಅದರಾಗ ಸಣ್ಣ ಗೆರಿಯಂಗ ಬೆಳಕು ಬಿಡೋದು ಬೀಮ್, ಅಗಲಾಗಿ ಬೆಳಕು ಹರವೋದು ವಾಶ್. ನಾನು ಕೇಳೋದು, ನಿಂಗ ಬರೋ ಕೆಲಸ ಯಾವುದಪ್ಪಾ? ಜಾತ್ರ್ಯಾಗ ಆಕಾಶಕ್ಕ ಗೆರಿ ಹೊಡೀಬೇಕು, ಡಿಜೆ ಮುಂದ ಕುಣಿಸಬೇಕು ಅಂದ್ರ ಬೀಮ್ ತಗೋ. ಕಲ್ಯಾಣ ಮಂಟಪ, ನಾಟಕದ ಸ್ಟೇಜು, ಮನಿ ಮುಂದಿನ ಪೆಂಡಾಲು ಇಂಥವ ಜಾಸ್ತಿ ಇದ್ರ ಮೊದಲು ಎಲ್‌ಇಡಿ ವಾಶ್ ತಗೋ, ಬೀಮ್ ಆಮ್ಯಾಲ.

ಯಾಕಂದ್ರ 230 ವ್ಯಾಟಿನ 7ಆರ್ ಬೀಮ್ (7ಆರ್ ಅನ್ನೋದು ಲ್ಯಾಂಪಿನ ಹೆಸರು) ಅಂದ್ರ ಸಣ್ಣ ಗೆರಿ, ಹೊಗಿ ಮಷೀನ್ ಇಲ್ಲಂದ್ರ ಆ ಗೆರೀನೂ ಕಾಣಂಗಿಲ್ಲ, ನಮ್ ಮಂಟಪದಾಗ ಸೀಲಿಂಗ್ ತಗ್ಗಿನಾಗ ಇರ್ತೈತಿ, ಗೆರಿ ಹೋಗಿ ಗ್ವಾಡಿಗೆ ಬಡದು ಒಂದು ಚುಕ್ಕಿ ಆಗಿ ನಿಲ್ತೈತಿ ಅಷ್ಟ. ಮ್ಯಾಲ ಅದರಾಗ ಬಣ್ಣ ಬರೋದು ಕಲರ್ ವೀಲ್‌ನಿಂದ, ಒಂದು ಚಕ್ರದಾಗ ಬಣ್ಣದ ಗಾಜು ಜೋಡಿಸಿರ್ತಾರ, ಕೆಂಪಿಂದ ನೀಲಿಗೆ ಹೋಗ್ಬೇಕಂದ್ರ ನಡುವಿನ ಬಣ್ಣ ಎಲ್ಲಾ ದಾಟಿ ಟಕಟಕ ಅಂತ ಹೋಗ್ತೈತಿ. ಡ್ಯಾನ್ಸಿಗೆ ಅದು ಚಂದ. ನಾಟಕದಾಗ ಸಂಜಿ ಮುಗದು ರಾತ್ರಿ ಆಗೋ ಸೀನಿಗೆ ಕಿತ್ತಳಿಯಿಂದ ನೀಲಿಗೆ ನಿಧಾನ ಇಳೀಬೇಕಲ್ಲ, ಆ ಕೆಲಸ ಆರ್‌ಜಿಬಿಡಬ್ಲ್ಯೂ ಎಲ್‌ಇಡಿ ವಾಶ್ ಮಾಡ್ತೈತಿ.

ಆರ್‌ಜಿಬಿ ಅಂದ್ರ ಕೆಂಪು ಹಸರು ನೀಲಿ, ಡಬ್ಲ್ಯೂ ಅಂದ್ರ ಬೇರೆ ಬಿಳಿ ಚಿಪ್, ಅದು ಇರ್ಲೇಬೇಕ್ರಿ. ಬರೇ ಕೆಂಪು ಹಸರು ನೀಲಿ ಕೂಡಿಸಿ ಬಿಳಿ ಮಾಡಿದ್ರ ಮದುಮಗಳ ಮುಖ ಜ್ವರ ಬಂದೋರಂಗ ಕಾಣ್ತೈತಿ, ಆಮ್ಯಾಲ ಫೋಟೊದವ್ರು ನಮ್ ಮ್ಯಾಲ ಬರ್ತಾರ.

ಅಂಗಡ್ಯಾಗ ಡೆಮೊ ಅಂದ್ರ ಆಟೊ ಮೋಡ್‌ನಾಗ ಹಾಕಿ ಗಿರಗಿರ ತಿರುಗಿಸಿ ತೋರಸ್ತಾರ. ಅದನ್ನ ನೋಡಿ ಯಾವುದೂ ಗೊತ್ತಾಗಂಗಿಲ್ಲ. ನಾನು ಒಂದು ಸಣ್ಣ ಕಂಟ್ರೋಲರ್ ಕೇಳಿ ತಗೊಂಡು ಡಿಮ್ಮರ್ ಪೂರ್ತಿ ಕೆಳಗ ಇಳಿಸಿ ಅಲ್ಲಿಂದ ಬಾಳ ಸಾವಕಾಶ ಏರಿಸ್ತೀನಿ. ಅಗ್ಗದ ಮಾಲು ಇದ್ರ ಕತ್ತಲಿಂದ ಒಮ್ಮೆಲೆ ಗಪ್ಪನ ಹತ್ತತೈತಿ, ಮೊದಲಿನ ಐದು ಪರ್ಸೆಂಟ್ ಅನ್ನೋದ ಇರಂಗಿಲ್ಲ. ಆಮ್ಯಾಲ ಅರ್ಧ ಬೆಳಕಿನಾಗ ಇಟ್ಟು ಮೊಬೈಲ್ ಕ್ಯಾಮರಾ ಸ್ಲೋಮೋಷನ್ ಮಾಡಿ ಹಿಡೀತೀನಿ, ಪಟ್ಟಿ ಪಟ್ಟಿ ಓಡಿದ್ರ, ಮಿಣುಕಿದ್ರ ಆ ಲೈಟ್ ಬ್ಯಾಡ, ಕಣ್ಣಿಗೆ ಕಾಣಂಗಿಲ್ಲ ಆದ್ರ ವಿಡಿಯೊದಾಗ ಎದ್ದು ಕಾಣ್ತೈತಿ, ಈಗ ಮದುವ್ಯಾಗ ಲೈಟಿನಕಿಂತ ಕ್ಯಾಮರಾನ ಜಾಸ್ತಿ. ಇನ್ನ ಹೆಡ್ಡನ್ನ ಒಂದು ಮೂಲಿಗೆ ನಿಲ್ಲಿಸಿ ಗ್ವಾಡಿ ಮ್ಯಾಲ ಬೆಳಕು ಬಿದ್ದ ಜಾಗಕ್ಕ ಗುರ್ತು ಮಾಡಿ, ಪ್ಯಾನ್ (ಎಡಬಲ) ಟಿಲ್ಟ್ (ಮ್ಯಾಲ ಕೆಳಗ) ಜೋರಾಗಿ ಎಲ್ಲಾ ಕಡೆ ಓಡಾಡಿಸಿ ಮತ್ತ ಅದ ಜಾಗಕ್ಕ ಕರೀತೀನಿ. ಅಲ್ಲೇ ಬಂದು ನಿಂತ್ರ ಬೆಲ್ಟು ಮೋಟರು ಬರೋಬ್ಬರಿ. ಒಂದು ಗೇಣು ಆಚಿ ನಿಂತ್ರ ನಾಟಕದಾಗ ರಾಜನ ಮ್ಯಾಲ ಬೀಳೋ ಬೆಳಕು ಪಕ್ಕದಾಗಿನ ಪರದೆ ಮ್ಯಾಲ ಬೀಳ್ತೈತಿ.

ಪ್ಯಾನ್ 540 ಡಿಗ್ರಿ ಟಿಲ್ಟ್ 270 ಡಿಗ್ರಿ ಅಂತ ಎಲ್ಲಾ ಡಬ್ಬಿ ಮ್ಯಾಲೂ ಬರದಿರ್ತೈತಿ, ಅದರ ಸುದ್ದಿ ಬಿಡ್ರಿ. ಚಾನಲ್ ಚಾರ್ಟಿನಾಗ, ಅಂದ್ರ ಕಂಟ್ರೋಲರಿನ ಯಾವ ಚಾನಲ್ ಲೈಟಿನ ಯಾವ ಕೆಲಸ ಮಾಡ್ತೈತಿ ಅನ್ನೋ ಪಟ್ಟಿನಾಗ, ಪ್ಯಾನ್ ಫೈನ್, ಟಿಲ್ಟ್ ಫೈನ್ ಅಂತ ಬೇರೆ ಚಾನಲ್ ಅದಾವೇನು ನೋಡ್ರಿ, ಅವು ಇಲ್ಲಂದ್ರ ನಿಧಾನ ತಿರುಗಿಸುವಾಗ ಮೆಟ್ಲ ಹತ್ತಿದಂಗ ಕುಲುಕ್ತೈತಿ. ವ್ಯಾಟಿನ ಲೆಕ್ಕಾನೂ ಹಂಗ. ಏಳು ಎಲ್‌ಇಡಿ, ಒಂದೊಂದು 12 ವ್ಯಾಟು, ಅಂದ್ರ 84 ಅಂತ ಹೇಳ್ತಾರ, ವ್ಯಾಟ್ ಮೀಟರ್ ಹಾಕಿ ಎಲ್ಲಾ ಬಣ್ಣ ಫುಲ್ ಬಿಟ್ಟು ನೋಡಿದ್ರ ಫ್ಯಾನು ಮೋಟರು ಸೇರಿದ್ರೂ ಅಷ್ಟು ಎಳಿಯಂಗಿಲ್ಲ ಕೆಲವು. ಮೀಟರ್ ಜೋಡಿ ಒಯ್ದ್ರ ಅಂಗಡಿಯವ್ರ ಮಾತಿನ ಧಾಟಿನೂ ಬದಲಾಗ್ತೈತಿ, ಇದು ನನ್ ಅನುಭವ.

ಹಳ್ಳ್ಯಾಗ ಕೆಲಸ ಮಾಡೋರಿಗೆ ಕರೆಂಟಿನ ಮಾತು ಬಾಳ ಮುಖ್ಯ. ಬೀಮ್ ಒಳಗಿನ ಡಿಸ್ಚಾರ್ಜ್ ಲ್ಯಾಂಪ್ (ಎಲ್‌ಇಡಿ ಅಲ್ಲ, ಗ್ಯಾಸಿನ ಬಲ್ಬ್) ಒಮ್ಮೆ ಆರಿದ್ರ ಬಿಸಿ ಇಳಿಯೋತನಕ ಮತ್ತ ಹತ್ತಂಗಿಲ್ಲ, ಜನರೇಟರ್ ಬದಲಿ ಮಾಡೋವಾಗ ಒಂದು ಕ್ಷಣ ಲೈನ್ ಹೋದ್ರೂ ಹಾಡು ಮುಗಿಯೋತನ ನಾವು ಕೈ ಕಟ್ಕೊಂಡು ನಿಂದರಬೇಕು. ಎಲ್‌ಇಡಿ ಆದ್ರ ರೀಸೆಟ್ ಆಗಿ ಒಮ್ಮೆ ತಿರುಗಿ ಬಂದು ಕೆಲಸಕ್ಕ ಹತ್ತತೈತಿ. ಲ್ಯಾಂಪಿನ ಆಯುಷ್ಯ 2000 ತಾಸಿನ ಆಸುಪಾಸು ಅಂತ ಬರೀತಾರ, ಆಮ್ಯಾಲ ಹೊಸ ಲ್ಯಾಂಪಿನ ರೊಕ್ಕ ಬೇರೆ. ಎಲ್‌ಇಡಿಗೆ 50,000 ತಾಸು ಅಂತಾರ, ಅಷ್ಟುತನ ಒಳಗಿನ ಫ್ಯಾನ್ ಬಾಳೂದಿಲ್ಲ ಬಿಡ್ರಿ.

ಫ್ಯಾನ್ ಅಂದ್ನಲ್ಲ, ನಮ್ ಭತ್ತದ ಸೀಮ್ಯಾಗ ಅದರ ಕಥಿನ ಬೇರೆ. ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಭತ್ತ ತೆನಿ ಆಗೋ ಹೊತ್ತಿನಾಗ ರಾತ್ರಿ ಬಿಳಿ ಲೈಟ್ ಹಾಕಿದ್ರ ಸಣ್ಣ ಹಸರು ಹುಳ ಮೋಡದಂಗ ಬಂದು ಮುತ್ತತಾವು, ಫ್ಯಾನ್ ಅವನ್ನ ಒಳಗ ಎಳಕೊಂತೈತಿ, ಬೆಳಗ್ಗೆ ಬಿಚ್ಚಿದ್ರ ಬಿಸಿ ಇಳಿಸೋ ಹೀಟ್‌ಸಿಂಕಿನ ಸಂದಿ ತುಂಬ ಹುಳದ ಪುಡಿ. ಅದಕ್ಕ ನಾನು ಸ್ಕ್ರೂ ನಾಕು ಬಿಚ್ಚಿದ್ರ ಕವರ್ ಕೈಗೆ ಬರೋ ಅಂಥ ಮಾಡೆಲ್ ಆರಿಸ್ತೀನಿ. ಕೆಲವದರಾಗ ಫ್ಯಾನ್ ಮುಟ್ಟಬೇಕಂದ್ರ ಅರ್ಧ ಲೈಟ್ ಬಿಚ್ಚಬೇಕು. ಹುಳದ ಸೀಸನ್ನಿನಾಗ ಪ್ರೋಗ್ರಾಂ ಶುರು ಆಗೋತನಕ ಸ್ಟೇಜಿಗೆ ಕೆಂಪು, ಅಂಬರ್ ಅಷ್ಟ ಬಿಟ್ಟು ದೂರ ಒಂದು ಬಿಳಿ ಹ್ಯಾಲೊಜನ್ ಹಚ್ಚಿ ಇಡ್ತೀವಿ, ಹುಳ ಬಾಳಷ್ಟು ಆ ಕಡಿಗೆ ಹೋಗ್ತಾವು.

ಡಿಎಂಎಕ್ಸ್, ಅಂದ್ರ ಕಂಟ್ರೋಲರಿನಿಂದ ವೈರಿನಾಗ ಲೈಟಿಗೆ ಹುಕುಂ ಕಳಿಸೋ ಪದ್ಧತಿ, ಅದರ ಬಗ್ಗಿ ಹೆದರೋದು ಬ್ಯಾಡ. ಅಗ್ಗದ 192 ಚಾನಲ್ ಕಂಟ್ರೋಲರ್ ಒಂದೊಂದು ಲೈಟಿಗೆ 16 ಚಾನಲ್ ಕೊಡ್ತೈತಿ, ಅಡ್ರೆಸ್ (ಆ ಲೈಟಿನ ಮೊದಲ ಚಾನಲ್ ನಂಬರ್) 1, 17, 33, 49 ಹಿಂಗ ಇಡ್ತಾ ಹೋಗ್ರಿ. 16ರಕಿಂತ ಜಾಸ್ತಿ ಚಾನಲ್ ಬೇಡೋ ಲೈಟ್ ತಗೊಂಡ್ರ ಈ ಬೋರ್ಡಿಗೆ ಪೂರ್ತಿ ಕೂಡಂಗಿಲ್ಲ, ಮೊದಲ ನೋಡ್ಕೊಳ್ರಿ. ಕೊನೀ ಲೈಟಿಗೆ ಎರಡು ಮೂರನೇ ಪಿನ್ ನಡುವ 120 ಓಮಿನ ರೆಸಿಸ್ಟರ್ ಹಾಕಿದ ಪ್ಲಗ್ ಚುಚ್ಚಿದ್ರ ಉದ್ದ ವೈರಿನಾಗ ಲೈಟ್ ತಾನಾಗೇ ನಡಗೋದು ಬಾಳ ಮಟ್ಟಿಗೆ ನಿಲ್ತೈತಿ.

ಎಲ್ಲಿ ತಗೊಂಡ್ರಿ ಅಂತ ಕೇಳ್ತಾರ. ನಮಗ ಬೆಂಗಳೂರು ಎಸ್‌ಪಿ ರೋಡಿನಕಿಂತ ಹೈದರಾಬಾದ್ ಹತ್ರ ಆಗ್ತೈತಿ, ಅಲ್ಲಿ ಕೋಠಿ ಗುಜರಾತಿ ಗಲ್ಲಿ ಒಂದು ಸುತ್ತು ಹಾಕಿದ್ರ ರೇಟಿನ ಅಂದಾಜು ಸಿಗ್ತೈತಿ. ಆನ್‌ಲೈನ್‌ನಾಗ ಇನ್ನೂ ಕಡಿಮಿ ಇರಬಹುದು, ಆದ್ರ ಟಿಲ್ಟ್ ಬೆಲ್ಟು, ಡಿಸ್‌ಪ್ಲೇ ಬೋರ್ಡು, ಪವರ್ ಸಪ್ಲೈ ಈ ಮೂರೂ ಬಿಡಿ ಸಿಗ್ತಾವೇನು ಅಂತ ಕೇಳಿದ ಮ್ಯಾಲ ರೊಕ್ಕ ಕೊಡೋದು. ಮತ್ತ ನಾಕು ಬೇಕಂದ್ರ ನಾಕೂ ಒಮ್ಮೆಲೆ, ಒಂದ ಲಾಟಿನವು ತಗೊಳ್ರಿ. ಈಗ ಎರಡು, ಮುಂದಿನ ವರ್ಷ ಎರಡು ಅಂತ ತಗೊಂಡ್ರ ಹೆಸರು ಒಂದ ಇದ್ರೂ ಒಳಗಿನ ಚಿಪ್ ಬೇರೆ ಇರ್ತಾವು, ಒಂದರ ನೀಲಿ ಆಕಾಶದ್ದು ಇನ್ನೊಂದರದು ಉಜಾಲದ್ದು, ಚಾನಲ್ ಚಾರ್ಟೂ ಬೇರೆ ಆಗಿ ಪ್ರೋಗ್ರಾಮ್ ಮಾಡೋನ ತಲಿ ಕೆಡ್ತೈತಿ.